ಕೆರೆ ನೀರಿನ ಹಂಡೆಯಲ್ಲ

(ಅಂತಿಮ ಬಿ.ಎ. ವಿದ್ಯಾರ್ಥಿನಿಯೊಬ್ಬಳ ವಿಚಾರ)

ಕಲಾ ವಿಭಾಗದಲ್ಲಿ ಓದುತ್ತಿರುವ ನಾನು ಜೀವವಿಜ್ಞಾನದ ವಿಷಯವೊಂದನ್ನು ಎತ್ತಿಕೊಂಡು ಬರೆಯಹೊರಟಿರುವುದನ್ನು ಕಂಡು ಸಹಪಾಠಿಗಳಲ್ಲಿ ಕೆಲವರು ನಗಬಹುದು. ನಗಲಿ. ಕನ್ನಡ, ಇತಿಹಾಸ, ಅರ್ಥಶಾಸ್ತ್ರ ನನ್ನ ಐಚ್ಛಿಕ ವಿಷಯಗಳು. ಡ್ಯಾಫ್ನಿಯಾ ಎಂಬ ಹೆಸರನ್ನು ಎರಡು ವರ್ಷಗಳ ಹಿಂದೆ ನಾನು ಕೇಳಿದವಳೇ ಅಲ್ಲ. ಆದರೆ ನಾನು ಕೆರೆಯ ದಂಡೆಯ ಊರಿನಲ್ಲಿ ಹುಟ್ಟಿದವಳು. ಬ್ಯಾಡಗಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯ ನಮ್ಮ ಊರಿನಲ್ಲಿ ಕೆರೆ ಮೊದಲು, ಆಮೇಲೆ ಊರು ಎಂದು ಹಿರಿಯರು ಹೇಳುವುದುಂಟು. ಕೆರೆಯ ವಿಷಯವಾಗಿ ಮಾತನಾಡಲು ವಿಜ್ಞಾನದ ಪದವಿಯೇ ಬೇಕೆಂದಾದರೆ, ಶಾಲೆಯ ಮೆಟ್ಟಿಲನ್ನೇ ಹತ್ತದ ನಮ್ಮ ಅಜ್ಜನಿಗೆ ಬಾಯಿ ತೆರೆಯುವ ಹಕ್ಕೇ ಇರುತ್ತಿರಲಿಲ್ಲ. ಈ ಲೇಖನ ಹುಟ್ಟಿದ್ದು ಅವನ ಒಂದು ಮಾತಿನಿಂದಲೇ.

ಕಳೆದ ವರ್ಷದ ಬೇಸಿಗೆಯಲ್ಲಿ ನಮ್ಮ ಕೆರೆಯ ಹೂಳೆತ್ತುವ ಕೆಲಸ ನಡೆಯಿತು. ಎರಡು ಜೇಸೀಬಿ ಯಂತ್ರಗಳು, ಸಾಲುಗಟ್ಟಿದ ಟ್ರ್ಯಾಕ್ಟರುಗಳು. ಹಗಲೂ ಇರುಳೂ ಕೆಲಸ. ಊರಿಗೆ ಊರೇ ಹಿಗ್ಗಿತು. ನಮ್ಮ ಅಪ್ಪನೂ ಆರು ಟ್ರ್ಯಾಕ್ಟರು ಕೆಸರನ್ನು ಹೊಲಕ್ಕೆ ಹೇರಿಸಿಕೊಂಡ. ಅಜ್ಜ ಮಾತ್ರ ದಂಡೆಯ ಮೇಲೆ ಕೂತು ನೋಡುತ್ತಿದ್ದವನು, “ಯವ್ವಾ, ಮ್ಯಾಲಿನ ಕೆಸರು ಎಲ್ಲಾ ಒಯ್ದರ ಕೆರಿ ಬಂಜಿ ಆಕೈತಿ,” ಎಂದ. ಕೆರೆ ಬಂಜೆಯಾಗುವುದೆಂದರೇನು? ನಾನು ಕೇಳಿದೆ. ಅವನಿಗೆ ಬಿಡಿಸಿ ಹೇಳಲಾಗಲಿಲ್ಲ. “ಮಳಿ ಬಿದ್ದ ಮ್ಯಾಲೆ ನಿನಗ ಗೊತ್ತಾಕೈತಿ,” ಎಂದಷ್ಟೇ ಹೇಳಿ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡ.

ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಯಂತ್ರ ಇನ್ನೂ ಮುಟ್ಟದಿದ್ದ ಒಂದು ಮೂಲೆಯಿಂದ ಬಿಸಿಲಿಗೆ ಬಿರಿದ ಕೆಸರಿನ ಹೆಂಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಅಗಲವಾದ ಬೋಗುಣಿಯಲ್ಲಿಟ್ಟು, ಮೊದಲ ಮಳೆಯ ನೀರು ಹಿಡಿದು ಸುರಿದೆ. ನಾಲ್ಕೈದು ದಿನ ಕಳೆಯಿತು. ಒಂದು ಮುಂಜಾನೆ ನೋಡಿದರೆ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಕುಪ್ಪಳಿಸುತ್ತಿದ್ದವು! ತಿಂಗಳುಗಟ್ಟಲೆ ಬಿಸಿಲಿಗೆ ಕಾದು ಹೆಂಚಿನಂತಾಗಿದ್ದ ಮಣ್ಣಿನಿಂದ ಜೀವ ಎದ್ದು ಬಂದಿತ್ತು. ಬೇರೊಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಓದುತ್ತಿರುವ ಗೆಳತಿಯೊಬ್ಬಳು ಭೂತಗನ್ನಡಿ ಹಿಡಿದು ನೋಡಿ, ‘ಇವು ನೀರುಚಿಗಟದ ಜಾತಿಯವು’ ಎಂದಳು. ಅಂದಿನಿಂದ ಕೆರೆಯನ್ನು ನಾನು ನೋಡುವ ಕಣ್ಣೇ ಬೇರೆಯಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ಈ ನೀರುಚಿಗಟವೇ ಡ್ಯಾಫ್ನಿಯಾ ಮತ್ತು ಅದರ ಬಳಗ. ಹೆಸರಿಗೆ ಚಿಗಟ, ನಿಜದಲ್ಲಿ ಸೀಗಡಿಯ ದೂರದ ಸಂಬಂಧಿ. ನೀರಿನಲ್ಲಿ ತೇಲುವ ಹಸಿರು ಪಾಚಿಯ ಕಣಗಳನ್ನು ಸೋಸಿ ತಿನ್ನುವುದು ಇದರ ಕಸುಬು. ಇದನ್ನು ತಿಂದು ಬೆಳೆಯುವುದು ಮೀನಿನ ಮರಿಗಳ ಪಾಡು. ಹೀಗೆ ಕೆರೆಯ ನೀರು ತಿಳಿಯಾಗಿರುವುದಕ್ಕೂ ಮೀನು ಬೆಳೆಯುವುದಕ್ಕೂ ಈ ಚುಕ್ಕೆಯೇ ನಡುವಿನ ಕೊಂಡಿ. ಕಾಲ ಒಳ್ಳೆಯದಿದ್ದಾಗ ಹೆಣ್ಣು ಡ್ಯಾಫ್ನಿಯಾ ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಹಾಕುತ್ತ ಹೋಗುತ್ತದೆ. ನೀರು ಬತ್ತುವ, ಕೂಳು ತಪ್ಪುವ ಸೂಚನೆ ಕಂಡಿತೆಂದರೆ ಗಂಡು ಹುಟ್ಟುತ್ತದೆ, ಕೂಡಿಕೆಯಾಗುತ್ತದೆ, ಕುದುರೆಯ ತಡಿಯ ಆಕಾರದ ಕಪ್ಪು ಪೊರೆಯೊಳಗೆ ಗಟ್ಟಿಯಾದ ಮೊಟ್ಟೆಗಳು ಕೆಸರಿಗಿಳಿದು ಮಲಗುತ್ತವೆ. ಮುಂದೆ ನೀರು ಬಂದಾಗ ಅವುಗಳಲ್ಲಿ ಕೆಲವು ಏಳುತ್ತವೆ. ಕೆಲವು ಇನ್ನೊಂದು ವರ್ಷಕ್ಕೆಂದು, ಮತ್ತೂ ಕೆಲವು ಹತ್ತಾರು ವರ್ಷಗಳ ಆಚೆಗೆಂದು ಮಲಗಿಯೇ ಇರುತ್ತವೆ. ರೈತನು ಬೀಜವನ್ನೆಲ್ಲ ಒಂದೇ ಮಳೆಗೆ ಬಿತ್ತದೆ ಹಗೇವಿನಲ್ಲಿ ಒಂದಿಷ್ಟು ಉಳಿಸಿಕೊಳ್ಳುವನಲ್ಲವೆ? ಕೆರೆಯ ಕೆಸರು ಅಂಥದೊಂದು ಹಗೇವು. ಅಜ್ಜನು ‘ಬಂಜೆ’ ಎಂದುದರ ಅರ್ಥ ನನಗೆ ಹೊಳೆದುದು ಆಗ.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ವಿಕಾಸವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಲಕ್ಷಾಂತರ ವರ್ಷಗಳ ಹಿಂದಿನ ಮಾತು: ಡಾರ್ವಿನ್ನನು 1859ರಲ್ಲಿ ಬರೆದ ಗ್ರಂಥ, ಮಂಗನಿಂದ ಮಾನವನೆಂಬ ಚಿತ್ರ, ಪರೀಕ್ಷೆಗೆ ಐದು ಅಂಕ. ವಿಕಾಸವು ನಿಧಾನವಾದುದು, ಪರಿಸರದ ಏರುಪೇರು ಮಾತ್ರ ವರ್ಷ ವರ್ಷದ್ದು, ಆದುದರಿಂದ ಇವೆರಡಕ್ಕೂ ಒಂದೇ ಪಂಕ್ತಿಯಲ್ಲಿ ಕೂರುವ ಸಂಬಂಧವಿಲ್ಲ ಎಂದು ಪಂಡಿತರೂ ಬಹುಕಾಲ ತಿಳಿದಿದ್ದರಂತೆ. ಈ ತಿಳಿವಳಿಕೆ ಸರಿಯಲ್ಲವೆಂದು ಕೆರೆ, ಹಳ್ಳ, ಸರೋವರಗಳೇ ಕಳೆದ ಕೆಲವು ದಶಕಗಳಲ್ಲಿ ತೋರಿಸಿಕೊಟ್ಟಿವೆ. ಬೆಚ್ಚನೆಯ ನೀರಿನ ನೀರುಚಿಗಟವು ವಾರ ಹತ್ತು ದಿನದೊಳಗೇ ಮರಿ ಹಾಕುವಷ್ಟು ಬೆಳೆಯುತ್ತದೆ. ನಮ್ಮ ಮನೆತನದಲ್ಲಿ ಅಜ್ಜ, ಅಪ್ಪ, ನಾನು ಎಂದು ಮೂರು ತಲೆಮಾರು ಎಣಿಸುವಷ್ಟರಲ್ಲಿ ಅದರ ಸಾವಿರಾರು ತಲೆಮಾರು ಕಳೆದುಹೋಗಿರುತ್ತವೆ.

ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ದೇಶಗಳ ನಡುವೆ ಕಾನ್‌ಸ್ಟನ್ಸ್ ಎಂಬ ದೊಡ್ಡ ಸರೋವರವಿದೆ. 1960-70ರ ದಶಕಗಳಲ್ಲಿ ಊರುಗಳ ಕೊಳಚೆ, ರಂಜಕ ಎಲ್ಲವೂ ಅದಕ್ಕೆ ಸೇರಿ ನೀರು ಕೆಟ್ಟಿತು; ವಿಷವಿರುವ ನೀಲಿಹಸಿರು ಪಾಚಿ ಹೆಚ್ಚಿತು. ಅಮೆರಿಕದ ನೆಲ್ಸನ್ ಹೇರ್‌ಸ್ಟನ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಆ ಸರೋವರದ ತಳದ ಕೆಸರನ್ನು ಪದರ ಪದರವಾಗಿ ತೆಗೆದು, ಯಾವ ಪದರ ಯಾವ ಕಾಲದ್ದೆಂದು ಗುರುತಿಸಿ, ಅದರೊಳಗೆ ಮಲಗಿದ್ದ ಡ್ಯಾಫ್ನಿಯಾದ ಮೊಟ್ಟೆಗಳನ್ನು ಎಬ್ಬಿಸಿದರು. ಎದ್ದ ಮರಿಗಳಿಗೆಲ್ಲ ವಿಷದ ಪಾಚಿಯನ್ನು ಬೆರೆಸಿದ ಆಹಾರ ಕೊಟ್ಟು ನೋಡಿದರು. ನೀರು ಕೆಡುವ ಮೊದಲಿನ ಕಾಲದ ಮೊಟ್ಟೆಗಳಿಂದ ಬಂದವು ಅದನ್ನು ತಿಂದು ಸೊರಗಿದವು. ನೀರು ಕೆಟ್ಟ ಮೇಲಿನ ಕಾಲದವು ಅದನ್ನು ತಾಳಿಕೊಂಡು ಬೆಳೆದವು. ಕೆಲವೇ ದಶಕಗಳಲ್ಲಿ ಒಂದು ಜೀವಿಯ ಗುಣವೇ ಬದಲಾಗಿತ್ತು. 1999ರಲ್ಲಿ ಇದು ಪ್ರಕಟವಾಯಿತು. ಮುಂದೆ 2014ರಲ್ಲಿ ಅಮೆರಿಕದ ಮಿನ್ನೆಸೋಟಾ ಪ್ರಾಂತದ ಸರೋವರವೊಂದರ ಕೆಸರಿನಿಂದ ಸುಮಾರು 700 ವರ್ಷ ಹಿಂದಿನ ಮೊಟ್ಟೆಗಳನ್ನೂ ಎಬ್ಬಿಸಿದ ವರದಿ ಬಂದಿತು. ವಿಜಯನಗರದ ಅರಸರ ಕಾಲಕ್ಕಿಂತ ಹಿಂದೆ ಮಲಗಿದ ಜೀವವೊಂದು ನಮ್ಮ ಕಾಲದಲ್ಲಿ ಕಣ್ಣು ತೆರೆದಂತಾಯಿತು! ಇತಿಹಾಸದ ವಿದ್ಯಾರ್ಥಿನಿಯಾದ ನನಗೆ ಇದಕ್ಕಿಂತ ದೊಡ್ಡ ಶಾಸನ ಯಾವುದೂ ಕಂಡಿಲ್ಲ.

ಹಚಿನ್‌ಸನ್ ಎಂಬ ಹೆಸರಾಂತ ಸರೋವರ ವಿಜ್ಞಾನಿಯೊಬ್ಬರು 1965ರಲ್ಲಿ ಬರೆದ ಪುಸ್ತಕದ ಹೆಸರನ್ನು ಕನ್ನಡಿಸಿದರೆ ‘ಪರಿಸರದ ರಂಗಸ್ಥಳ, ವಿಕಾಸದ ನಾಟಕ’ ಎಂದಾಗುತ್ತದೆ. ದೊಡ್ಡಾಟ, ಸಣ್ಣಾಟಗಳನ್ನು ನೋಡಿ ಬೆಳೆದ ನಮಗೆ ಈ ಹೋಲಿಕೆ ಬೇಗ ಹಿಡಿಸುತ್ತದೆ. ಪರಿಸರವೆಂಬ ಅಟ್ಟದ ಮೇಲೆ ವಿಕಾಸವೆಂಬ ಆಟ ನಡೆಯುತ್ತದೆ. ಆದರೆ ಈಚಿನ ಶೋಧನೆಗಳನ್ನು ನೋಡಿದರೆ ಇನ್ನೂ ಒಂದು ಮಾತು ಸೇರಿಸಬೇಕೆನಿಸುತ್ತದೆ. ಈ ಆಟದ ಪಾತ್ರಧಾರಿಗಳು ಸುಮ್ಮನೆ ಕುಣಿದು ಇಳಿಯುವವರಲ್ಲ. ಕುಣಿಯುತ್ತ ಕುಣಿಯುತ್ತಲೇ ಅಟ್ಟದ ಹಲಗೆಗಳನ್ನು ಕಿತ್ತು ಬೇರೆ ಕಡೆಗೆ ಜೋಡಿಸುತ್ತಾರೆ. ಅಟ್ಟ ಬದಲಾದರೆ ಕುಣಿತ ಬದಲಾಗಬೇಕು. ಕುಣಿತ ಬದಲಾದರೆ ಅಟ್ಟ ಮತ್ತೆ ಬದಲಾಗುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಗಪ್ಪಿ ಎಂಬ ಬೆರಳುದ್ದದ ಮೀನು. ಇದು ನಮಗೆ ಅಪರಿಚಿತವಲ್ಲ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಿಗೆ ಬಿಡುವ ಮೀನುಗಳೆಂದರೆ ಗಪ್ಪಿ ಮತ್ತು ಗಂಬೂಸಿಯಾ. ಗಂಬೂಸಿಯಾ ಮೂಲತಃ ಉತ್ತರ ಅಮೆರಿಕದ್ದು, 1928ರಲ್ಲಿ ಇಟಲಿಯ ಮೂಲಕ ಭಾರತಕ್ಕೆ ಬಂದಿತು. ಗಪ್ಪಿಯ ತವರು ದಕ್ಷಿಣ ಅಮೆರಿಕದ ಉತ್ತರ ತುದಿ ಮತ್ತು ಅದರ ಪಕ್ಕದ ಟ್ರಿನಿಡಾಡ್ ದ್ವೀಪ. ಆ ದ್ವೀಪದ ಹಳ್ಳಗಳಲ್ಲಿ ಜಲಪಾತಗಳಿವೆ. ಜಲಪಾತದ ಕೆಳಗೆ ಗಪ್ಪಿಯನ್ನು ನುಂಗುವ ದೊಡ್ಡ ಮೀನುಗಳ ಕಾಟ. ಮೇಲುಗಡೆ ಆ ಕಾಟ ಬಹಳ ಕಡಿಮೆ. ಕೆಳಗಿನ ಗಪ್ಪಿಗಳು ಬೇಗ ಬೆಳೆದು, ಬೇಗ ಬೇಗ ಸಣ್ಣ ಸಣ್ಣ ಮರಿಗಳನ್ನು ಬಹಳವಾಗಿ ಹಾಕುತ್ತವೆ. ನಾಳೆ ಇರುವೆನೋ ಇಲ್ಲವೋ ಎಂಬ ಬಾಳುವೆ. ಮೇಲಿನವು ತಡವಾಗಿ ಬೆಳೆದು, ಕೆಲವೇ ದೊಡ್ಡ ಮರಿಗಳನ್ನು ಹಾಕುತ್ತವೆ. ಜಾನ್ ಎಂಡ್ಲರ್ ಎಂಬವರು 1976ರಲ್ಲಿ ಕೆಳಗಿನ ಗಪ್ಪಿಗಳನ್ನು ಹಿಡಿದು, ಗಪ್ಪಿಯೇ ಇಲ್ಲದ ಮೇಲಿನ ಹಳ್ಳವೊಂದಕ್ಕೆ ಬಿಟ್ಟರು. ಹನ್ನೊಂದು ವರ್ಷಗಳ ಮೇಲೆ ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು ಪರೀಕ್ಷಿಸಿ ನೋಡುವಲ್ಲಿ, ಅವುಗಳ ಸಂತತಿಯು ಮೇಲಿನ ಗಪ್ಪಿಗಳ ಬಾಳುವೆಯ ಕ್ರಮವನ್ನೇ ಪಡೆದಿತ್ತು. ಆ ಗುಣ ಮರಿಗಳಿಗೂ ಇಳಿಯುತ್ತಿತ್ತು. ಇಷ್ಟಕ್ಕೇ ಮುಗಿಯಲಿಲ್ಲ. ಎರಡೂ ಬಗೆಯ ಗಪ್ಪಿಗಳನ್ನು ಬೇರೆ ಬೇರೆ ಕಾಲುವೆಗಳಲ್ಲಿ ಸಾಕಿ ನೋಡಿದಾಗ, ಅವು ತಿನ್ನುವ ಆಹಾರ ಬೇರೆಯಾದುದರಿಂದ ಆ ಕಾಲುವೆಗಳ ಪಾಚಿಯೂ ಹುಳುಗಳೂ ಬೇರೆ ಬೇರೆ ಪ್ರಮಾಣಕ್ಕೆ ಬಂದು ನಿಂತವು. ಇದು 2010ರಲ್ಲಿ ಪ್ರಕಟವಾದ ಸಂಗತಿ. ಮೀನನ್ನು ನೀರು ಬದಲಾಯಿಸಿತು, ಬದಲಾದ ಮೀನು ನೀರನ್ನು ಬದಲಾಯಿಸಿತು.

‘ಸರಿ, ಎಲ್ಲೋ ಟ್ರಿನಿಡಾಡಿನ ಹಳ್ಳದ ಕಥೆ. ಹಾವೇರಿ ಜಿಲ್ಲೆಯ ನಮಗೇನು?’ ಎಂದು ಯಾರಾದರೂ ಕೇಳಿಯಾರು. ನಮಗೇನೆಂಬುದನ್ನು ಹೇಳುವುದಕ್ಕಾಗಿಯೇ ಇಷ್ಟು ಪೀಠಿಕೆ ಹಾಕಿದೆ.

ಮೊದಲು ಸೊಳ್ಳೆಯನ್ನೇ ತೆಗೆದುಕೊಳ್ಳೋಣ. ಅದೂ ನಿಂತ ನೀರಿನ ಕೂಸೇ. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ದೇಶವು 1953ರಲ್ಲಿ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮವನ್ನು ಆರಂಭಿಸಿತು. 1958ರಲ್ಲಿ ಅದನ್ನೇ ನಿರ್ಮೂಲನದ ಕಾರ್ಯಕ್ರಮವಾಗಿ ಮಾಡಿತು. ಮನೆಮನೆಗೆ ಡಿಡಿಟಿ ಸಿಂಪಡಿಸಿದರು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ವರ್ಷಕ್ಕೆ ಸುಮಾರು 1 ಲಕ್ಷಕ್ಕೆ ಇಳಿಯಿತು. ಎಲ್ಲರೂ ಗೆದ್ದೆವೆಂದುಕೊಂಡರು. 1976ರಲ್ಲಿ ಅದೇ ಸಂಖ್ಯೆ 64 ಲಕ್ಷಕ್ಕೆ ಏರಿತು. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಮುಖ್ಯವಾದ ಒಂದು, ಡಿಡಿಟಿಗೆ ಜಗ್ಗದ ಸೊಳ್ಳೆಯ ಸಂತತಿ ಬೆಳೆದುದು. ಸಾಯದೆ ಉಳಿದವುಗಳ ಮಕ್ಕಳು ಮೊಮ್ಮಕ್ಕಳೇ ಊರು ತುಂಬಿದವು. ವಿಕಾಸವನ್ನು ಲೆಕ್ಕಕ್ಕೆ ಹಿಡಿಯದೆ ಹೂಡಿದ ಯುದ್ಧದ ಫಲವಿದು.

ಎರಡನೆಯದು ನಮ್ಮದೇ ಮನೆಯ ಮಾತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅದರ ಕೆಂಪನ್ನು ಲೋಕವೇ ಹೊಗಳುತ್ತದೆ. ಆದರೆ ಅದೇ ಗಿಡಕ್ಕೆ ಒಂದು ಹಂಗಾಮಿನಲ್ಲಿ ಎಷ್ಟು ಸಲ ಔಷಧ ಹೊಡೆಯುತ್ತೇವೆಂಬುದು ರೈತರ ಮಕ್ಕಳಿಗೆಲ್ಲ ಗೊತ್ತು. ರಾಣೆಬೆನ್ನೂರಿನ ಸುತ್ತಿನ ಬೀಜೋತ್ಪಾದನೆಯ ಹೊಲಗಳಲ್ಲಿಯೂ ಹತ್ತಿಯ ಹೊಲಗಳಲ್ಲಿಯೂ ಇದೇ ಪಾಡು. ನಮ್ಮ ಅಪ್ಪ ಸಂಜೆ ಔಷಧ ಹೊಡೆದು ಬಂದು ಪಂಪನ್ನು ತೊಳೆಯುತ್ತಿದ್ದುದು ಕೆರೆಯ ಕಾಲುವೆಯಲ್ಲಿ. ಎಷ್ಟೋ ಸಲ ನೀರು ಸುರಿದವಳು ನಾನೇ. ಹೊಲದಿಂದ ಹರಿದ ನೀರು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಕ್ಯಾಲಿಫೋರ್ನಿಯಾದ ಹಳ್ಳಗಳಲ್ಲಿ ಹಯಲೆಲ್ಲಾ ಎಂಬ ಸೀಗಡಿಯಂಥ ಸಣ್ಣ ಜೀವಿಯೊಂದು, ಪೈರೆಥ್ರಾಯಿಡ್ ಜಾತಿಯ ಕೀಟನಾಶಕವನ್ನು ತಾಳಿಕೊಳ್ಳುವಂತೆ ಬದಲಾಗಿದೆಯೆಂದು 2013ರಲ್ಲಿ ವರದಿಯಾಯಿತು. ಆ ಬದಲಾವಣೆ ಅದರ ಅನುವಂಶೀಯ ಧಾತುವಿನಲ್ಲಿಯೇ ಆಗಿತ್ತು. ಕೀಟಕ್ಕೆಂದು ಹೊಡೆದದ್ದು ಕೀಟದ ಬಳಿಯೇ ನಿಲ್ಲುವುದಿಲ್ಲ; ಹರಿದು ಹೋದಲ್ಲೆಲ್ಲ ಅದು ಯಾರು ಬಾಳಬೇಕು, ಯಾರು ಸಾಯಬೇಕೆಂದು ಆರಿಸುತ್ತ ಹೋಗುತ್ತದೆ.

ಮೂರನೆಯದು ಬಲೆ. ಕೆರೆಯನ್ನು ಮೀನುಗಾರಿಕೆಗೆ ಹರಾಜು ಹಾಕುವುದು ನಮ್ಮಲ್ಲಿ ವಾಡಿಕೆ. ಹಿಡಿದವನು ಕೊಟ್ಟ ಹಣ ಎತ್ತಬೇಕಲ್ಲವೆ? ದೊಡ್ಡ ಮೀನುಗಳೆಲ್ಲ ಬಲೆಗೆ ಬೀಳುತ್ತವೆ, ಕಣ್ಣಿನ ಸಂದಿನಿಂದ ನುಸುಳುವ ಸಣ್ಣವು ಉಳಿಯುತ್ತವೆ. ಇದು ವರ್ಷ ವರ್ಷವೂ ನಡೆದರೆ, ಸಣ್ಣದಿರುವಾಗಲೇ ಮೊಟ್ಟೆಯಿಡುವ ಮೀನಿನ ಸಂತತಿಗೆ ಮೇಲುಗೈ. ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ 1940ರ ದಶಕದಿಂದ ಬರೆದಿಟ್ಟ ಪೈಕ್ ಮೀನಿನ ಲೆಕ್ಕವನ್ನು ತೆಗೆದು ನೋಡಿದ ವಿಜ್ಞಾನಿಗಳು ಇದನ್ನೇ ಕಂಡರು: ಬಲೆ ಒಂದು ಕಡೆಗೆ ಎಳೆಯುತ್ತದೆ, ನಿಸರ್ಗ ಇನ್ನೊಂದು ಕಡೆಗೆ ಎಳೆಯುತ್ತದೆ, ಬಲೆಯ ಹಾವಳಿ ಕಡಿಮೆಯಾದಾಗ ಮೀನಿನ ಗಾತ್ರ ಮತ್ತೆ ಚೇತರಿಸಿಕೊಂಡಿತು. ಇಲ್ಲಿ ನಾನು ಗಮನಿಸಿದ ಮಾತು ಇನ್ನೊಂದಿದೆ. ಅಲ್ಲಿ ಯಾರೋ ಅರವತ್ತು ವರ್ಷ ಲೆಕ್ಕ ಬರೆದಿಟ್ಟಿದ್ದರು. ಆದುದರಿಂದ ಅವರಿಗೆ ತಿಳಿಯಿತು. ನಮ್ಮ ಕೆರೆಗಳ ಲೆಕ್ಕವನ್ನು ಬರೆದಿಟ್ಟವರು ಯಾರು?

ನಾಲ್ಕನೆಯದು ಹೊರಗಿನಿಂದ ಬಂದ ಮೀನುಗಳು. ತಿಲಾಪಿಯಾ 1952ರಲ್ಲಿ ಸಿಂಹಳದಿಂದ ಭಾರತಕ್ಕೆ ಬಂದಿತು. ತಾಯಿಮೀನು ಬಾಯಲ್ಲಿಯೇ ಮೊಟ್ಟೆ ಮರಿಗಳನ್ನು ಇಟ್ಟುಕೊಂಡು ಕಾಯುತ್ತದೆ. ಇಕ್ಕಟ್ಟಿನ ನೀರಿನಲ್ಲಿ ಅಂಗೈ ಅಗಲವೂ ಬೆಳೆಯುವ ಮೊದಲೇ ಸಂತಾನಕ್ಕೆ ತೊಡಗುತ್ತದೆ. ಆಫ್ರಿಕಾದ ಕ್ಯಾಟ್‌ಫಿಶ್ ಇನ್ನೂ ಬಲಿಷ್ಠ, ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಅದರ ಸಾಕಣೆಯನ್ನು ಕೇಂದ್ರ ಸರಕಾರವು 2000ದಲ್ಲಿ ನಿಷೇಧಿಸಿತು. ನೀರಿನ ಹುಲ್ಲು ತಿನ್ನಲೆಂದು ಚೀನದ ಹುಲ್ಲುಗೆಂಡೆಯನ್ನು 1959ರಲ್ಲಿ ತರಿಸಿಕೊಂಡೆವು. ಆದರೆ ನಮ್ಮ ಕೃಷ್ಣಾ-ತುಂಗಭದ್ರೆಗಳಲ್ಲಿಯೇ ನೀರಿನ ಸೊಪ್ಪು ತಿಂದು ಬೆಳೆಯುವ ಹೈಪ್ಸೆಲೊಬಾರ್ಬಸ್ ಪುಲ್ಚೆಲ್ಲಸ್ ಎಂಬ ಸ್ವಂತ ಗೆಂಡೆಯಿತ್ತು. ಅದೀಗ ಕಾಣಸಿಗುವುದೇ ಅಪರೂಪ. ಮನೆಯ ಮಗನನ್ನು ಉಪವಾಸ ಕೆಡವಿ ದತ್ತು ತಂದಂತಾಯಿತು ನಮ್ಮ ಕಥೆ.

ಐದನೆಯದು ಈಗ ನಡೆದಿರುವುದು. ತುಂಗಭದ್ರಾ ಮತ್ತು ವರದಾ ನದಿಗಳ ನೀರನ್ನು ಪಂಪಿನಿಂದೆತ್ತಿ ಕೊಳವೆಗಳ ಮೂಲಕ ಕೆರೆಗಳಿಗೆ ತುಂಬಿಸುವ ಯೋಜನೆಗಳು ನಮ್ಮ ಜಿಲ್ಲೆಯಲ್ಲಿ ಬಂದಿವೆ. ನೀರಿಲ್ಲದೆ ಬಾಯ್ಬಿಟ್ಟ ಕೆರೆಗಳನ್ನು ನೋಡಿದ ನಾನು ಇದನ್ನು ಬೇಡವೆನ್ನಲಾರೆ. ಹಾಗೆಂದರೆ ಊರಿನವರ ಮುಖ ನೋಡುವುದು ಹೇಗೆ? ಆದರೆ ಒಂದು ವಿಚಾರವನ್ನು ಮಾಡಬೇಕು. ಇಷ್ಟು ಕಾಲ ಒಂದೊಂದು ಕೆರೆಯೂ ಒಂದೊಂದು ದ್ವೀಪದಂತಿತ್ತು. ಆಯಾ ಕೆರೆಯ ಮಣ್ಣು, ಬಿಸಿಲು, ಬತ್ತುವ ಕಾಲಗಳಿಗೆ ಒಗ್ಗಿದ ಜೀವಗಳು ಅಲ್ಲಲ್ಲಿ ನೆಲೆಸಿದ್ದವು. ಬೇಸಿಗೆಯಲ್ಲಿ ಬತ್ತುವ ಕೆರೆಯಲ್ಲಿ ಮಲಗುವ ಮೊಟ್ಟೆಗೆ ಬೆಲೆ. ನೀರು ಕೊಳೆತು ಉಸಿರಾಟ ಕಷ್ಟವಾದಾಗ, ಮೇಲೆ ಬಂದು ಗಾಳಿಯನ್ನೇ ನುಂಗಿ ಬದುಕುವ ಕೊರವ ಮೀನು, ಚೇಳು ಮೀನುಗಳಿಗೆ ಬೆಲೆ. ವರ್ಷವಿಡೀ ನದಿಯ ನೀರು ನಿಂತರೆ ಈ ಗುಣಗಳಿಗೆ ಬೆಲೆ ಇಳಿಯುತ್ತದೆ. ಪಂಪಿನೊಡನೆ ನದಿಯ ಮೀನಿನ ಮೊಟ್ಟೆ ಮರಿಗಳೂ ಬರುತ್ತವೆ, ತಿಲಾಪಿಯಾವೂ ಬರಬಹುದು. ಮುಂದೊಂದು ವರ್ಷ ನದಿಯೇ ಬತ್ತಿ ಪಂಪು ನಿಂತಾಗ, ಬತ್ತುವ ಕೆರೆಯಲ್ಲಿ ಬದುಕಬಲ್ಲ ಹಳೆಯ ಒಕ್ಕಲು ಅಲ್ಲಿ ಉಳಿದಿರುವುದೆ?

ಈ ವಿಚಾರವನ್ನು ನಾನು ಮನೆಯಲ್ಲಿ ಎತ್ತಿದಾಗ ಅಪ್ಪ ಸಿಟ್ಟಾಗಲಿಲ್ಲ, ನಕ್ಕ. “ಅಲ್ಲವಾ, ಚಿಗಟದ ಚಿಂತಿ ಮಾಡಿದರ ನಮ್ಮ ಹೊಟ್ಟಿ ತುಂಬತೈತೇನು? ಔಷಧ ಹೊಡೀಲಿಲ್ಲಂದ್ರ ಗಿಡ ಮುರುಟಿ ಹೋಗತೈತಿ. ನಿನ್ನ ಫೀ ಎಲ್ಲಿಂದ ಬಂತು ಅಂತ ತಿಳಕೊಂಡಿ?” ಎಂದ. ಈ ಪ್ರಶ್ನೆಗೆ ನನ್ನ ಬಳಿ ಸುಲಭವಾದ ಉತ್ತರವಿಲ್ಲ. ನನ್ನ ಫೀ ಬಂದುದು ಆ ಮೆಣಸಿನಕಾಯಿಯಿಂದಲೇ. ಬ್ಯಾಡಗಿಯ ಅಂಗಳಗಳಲ್ಲಿ ಕೂತು ಅವ್ವ ಕಾಯಿಯ ತೊಟ್ಟು ಬಿಡಿಸಿ, ಉರಿಯುವ ಬೆರಳುಗಳಿಂದ ಎಣಿಸಿ ತಂದ ಕೂಲಿಯಿಂದಲೇ. ನಮ್ಮ ಮನೆತನದಲ್ಲಿ ಪದವಿಯ ಕೊನೆಯ ವರ್ಷಕ್ಕೆ ಬಂದವಳು ನಾನೇ ಮೊದಲಿಗಳು. ಹೊಟ್ಟೆ ತುಂಬಿದವರು ಕೆರೆಯ ದಂಡೆಯಲ್ಲಿ ನಿಂತು ಬಡವನಿಗೆ ಉಪದೇಶ ಮಾಡುವಂತೆ ನಾನು ಬರೆಯಲಾರೆ, ಬರೆಯಲೂಬಾರದು.

ಆದರೂ ಅಪ್ಪನಿಗೆ ನಾನು ಹೇಳಿದ ಮಾತನ್ನೇ ಇಲ್ಲಿಯೂ ಹೇಳುತ್ತೇನೆ. ಚಿಗಟದ ಚಿಂತೆ ಹೊಟ್ಟೆಯ ಚಿಂತೆಯೇ. ಹತ್ತು ವರ್ಷದ ಹಿಂದೆ ಒಂದು ಸಲ ಹೊಡೆದರೆ ಸಾಯುತ್ತಿದ್ದ ನುಸಿಗೆ ಈಗ ಮೂರು ಸಲ ಹೊಡೆಯಬೇಕೆಂದು ಗೊಣಗುವವನು ಅಪ್ಪನೇ. ಹೊಲದಲ್ಲಿ ನಡೆದುದು ಅದೇ ವಿಕಾಸ. ಅಂಗಡಿಯವನಿಗೆ ಕೊಡುವ ಹಣವಾಗಿ ಅದು ಪ್ರತಿವರ್ಷ ನಮ್ಮ ಲೆಕ್ಕದ ವಹಿಯಲ್ಲಿ ಕಾಣುತ್ತದೆ.

ಇನ್ನೊಂದು ಆಕ್ಷೇಪಣೆಯನ್ನು ಓದಿದವರು ಹಾಕುತ್ತಾರೆ: ‘ಜೀವಿಗಳು ಇಷ್ಟು ಬೇಗ ಬದಲಾಗಬಲ್ಲವಾದರೆ ಚಿಂತೆಯೇಕೆ? ನಾವು ಏನು ಮಾಡಿದರೂ ನಿಸರ್ಗ ಹೊಂದಿಕೊಳ್ಳುತ್ತದೆ.’ ಮೇಲ್ನೋಟಕ್ಕೆ ಜಾಣತನದ ಮಾತು. ಆದರೆ ಹೊಂದಿಕೊಳ್ಳುವವರು ಯಾರೆಂಬುದನ್ನು ನೋಡಬೇಕು. ವಾರಕ್ಕೊಂದು ತಲೆಮಾರು ಕಾಣುವ ಸೊಳ್ಳೆ, ನುಸಿ, ಪಾಚಿಗಳು ಹೊಂದಿಕೊಳ್ಳುತ್ತವೆ. ವರ್ಷಗಟ್ಟಲೆ ಬೆಳೆದು ಮೊಟ್ಟೆಯಿಡುವ ದೊಡ್ಡ ಮೀನಿಗೆ, ಆಮೆಗೆ ಆ ಅವಕಾಶವಿಲ್ಲ. 1980ರ ದಶಕದಲ್ಲಿ ರಾಣೆಬೆನ್ನೂರು ತಾಲೂಕಿನ ದಂಡೆಯಲ್ಲಿ ಕಾರ್ಖಾನೆಯ ಹೊಲಸಿನಿಂದ ತುಂಗಭದ್ರೆಯ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದುದನ್ನೂ, ನದೀತೀರದ ಜನ ಎದ್ದುನಿಂತು ಹೋರಾಡಿದುದನ್ನೂ ಹಿರಿಯರು ಇಂದಿಗೂ ನೆನೆಯುತ್ತಾರೆ. ಸತ್ತ ಮೀನಿಗೆ ವಿಕಾಸವಿಲ್ಲ. ಇನ್ನೂ ಒಂದು ಮಾತು: ಆರಿಸಿಕೊಳ್ಳಲು ಬಗೆಬಗೆಯ ಬೀಜವಿದ್ದರೆ ಮಾತ್ರ ನಿಸರ್ಗದ ಆಯ್ಕೆ ನಡೆಯುತ್ತದೆ. ಹಗೇವನ್ನೇ ಬರಿದು ಮಾಡಿದ ಮೇಲೆ ಯಾವ ಬೀಜದಿಂದ ಆರಿಸುವುದು?

ಅಜ್ಜನ ಕಾಲದಲ್ಲಿ ಹೂಳು ತೆಗೆಯುತ್ತಿರಲಿಲ್ಲವೆ? ತೆಗೆಯುತ್ತಿದ್ದರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಂತೆ ರೈತರು ಚಕ್ಕಡಿ ಹೂಡಿಕೊಂಡು ಹೋಗಿ ಅಂಚಿನ ಕೆಸರನ್ನು ತಮ್ಮ ಹೊಲಕ್ಕೆ ಬೇಕಾದಷ್ಟು ಹೇರಿಕೊಂಡು ಬರುತ್ತಿದ್ದರು. ಒಂದು ವರ್ಷ ಒಂದು ಮಗ್ಗುಲು, ಇನ್ನೊಂದು ವರ್ಷ ಇನ್ನೊಂದು ಮಗ್ಗುಲು. ನಡುವಿನ ಕೆಸರು, ತೂಬಿನ ಬಳಿಯ ಮಡುವು ಹಾಗೆಯೇ ಉಳಿಯುತ್ತಿತ್ತು. ಅವರಿಗೆ ಡಾರ್ವಿನ್ನನ ಹೆಸರು ತಿಳಿದಿರಲಿಲ್ಲ. ಎತ್ತಿನ ಬಲಕ್ಕೆ ಮಿತಿಯಿತ್ತು, ಆ ಮಿತಿಯೇ ಕೆರೆಯನ್ನು ಕಾಯಿತು. ಯಂತ್ರಕ್ಕೆ ಆ ಮಿತಿಯಿಲ್ಲ. ಆದುದರಿಂದ ಮಿತಿಯನ್ನು ಈಗ ನಾವು ಬುದ್ಧಿಯಿಂದ ಹಾಕಿಕೊಳ್ಳಬೇಕಾಗಿದೆ.

ಇಷ್ಟೆಲ್ಲ ಹೇಳಿ ಮಾಡಬೇಕಾದುದೇನೆಂದು ಹೇಳದಿದ್ದರೆ ತಪ್ಪಾದೀತು. ನನ್ನ ಬೇಡಿಕೆಗಳು ಸಣ್ಣವು. ಹೂಳೆತ್ತುವಾಗ ಕೆರೆಯನ್ನು ಮೂರು ಭಾಗ ಮಾಡಿ, ಒಂದು ಭಾಗವನ್ನಾದರೂ ಆ ವರ್ಷ ಮುಟ್ಟದೆ ಬಿಡಲಿ. ಮೀನಿನ ಹರಾಜಿನ ಕರಾರಿನಲ್ಲಿ ಬಲೆಯ ಕಣ್ಣಿನ ಅಳತೆಯೊಡನೆ, ಬೆಳೆದ ದೊಡ್ಡ ಮೀನುಗಳಲ್ಲಿ ಒಂದು ಪಾಲನ್ನು ಬೀಜಕ್ಕೆ ಬಿಡಬೇಕೆಂಬ ಷರತ್ತೂ ಇರಲಿ. ನಿಷಿದ್ಧವಾದ ಕ್ಯಾಟ್‌ಫಿಶ್ ಬಿಟ್ಟವನ ಕರಾರು ರದ್ದಾಗಲಿ. ನದಿಯಿಂದ ನೀರೆತ್ತುವ ಕೊಳವೆಯ ಬಾಯಿಗೆ ಜಾಲರಿ ಇರಲಿ, ಪ್ರತಿ ತಾಲೂಕಿನಲ್ಲಿಯೂ ಮಳೆಯ ನೀರಿನಿಂದಲೇ ತುಂಬಿ ಬತ್ತುವ ಕೆಲವು ಕೆರೆಗಳನ್ನು ಹಾಗೆಯೇ ಉಳಿಸಲಿ. ಬಾವಿ ತೊಟ್ಟಿಗಳಿಗೆ ಬಿಡುವ ಗಪ್ಪಿ, ಗಂಬೂಸಿಯಾಗಳನ್ನು ಹಳ್ಳ ಕೆರೆಗಳಿಗೆ ಬಿಡದಿರಲಿ. ಔಷಧದ ಪಂಪು ಕೆರೆಯಲ್ಲಿ ತೊಳೆಯುವುದನ್ನು ನಾವೇ, ರೈತರ ಮಕ್ಕಳು, ನಿಲ್ಲಿಸೋಣ. ನಮ್ಮ ಅಪ್ಪ ಈಗ ಹೊಲದ ಮೂಲೆಯಲ್ಲಿ ಗುಂಡಿ ತೋಡಿ ಅಲ್ಲಿ ತೊಳೆಯುತ್ತಾನೆ. ವಾದದಲ್ಲಿ ಗೆದ್ದು ಮಾಡಿಸಿದೆನೆಂದು ಹೇಳಲಾರೆ. ಮಗಳು ನೊಂದುಕೊಂಡಾಳೆಂದು ಮಾಡಿದ. ಅಷ್ಟಾದರೂ ಸಾಕು.

ಕೊನೆಯದಾಗಿ ನಮ್ಮ ಕಾಲೇಜಿಗೊಂದು ವಿಜ್ಞಾಪನೆ. ರಾಣೆಬೆನ್ನೂರಿನ ಕೃಷ್ಣಮೃಗಗಳಿಗೆ 1974ರಲ್ಲಿ ಅಭಯಾರಣ್ಯವಾಯಿತು. ಅದು ಸಂತೋಷದ ಸಂಗತಿ. ಕೆರೆಯ ಚುಕ್ಕೆಜೀವಗಳಿಗೆ ಅಭಯಾರಣ್ಯ ಬೇಡ, ಒಂದು ವಹಿ ಸಾಕು. ಹಾವೇರಿಯ ಹೆಗ್ಗೇರಿಯಾಗಲಿ ಬೇರೆ ಯಾವುದೇ ಕೆರೆಯಾಗಲಿ, ಒಂದನ್ನು ನಾವು ಆರಿಸಿಕೊಳ್ಳೋಣ. ಪ್ರತಿವರ್ಷ ಅದೇ ತಿಂಗಳು, ಅದೇ ದಂಡೆಯಲ್ಲಿ ನಿಂತು ನೀರೆಷ್ಟು, ಬಣ್ಣವೇನು, ಬಲೆಗೆ ಬಿದ್ದ ಮೀನು ಯಾವುವು, ಎಷ್ಟುದ್ದ ಎಂದು ಬರೆಯೋಣ. ಒಂದು ಸೀಸೆಯಲ್ಲಿ ಆ ವರ್ಷದ ಒಣಕೆಸರನ್ನು ತುಂಬಿ, ವರ್ಷ ಬರೆದು, ಗ್ರಂಥಾಲಯದ ಬೀರುವಿನಲ್ಲಿಡೋಣ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ಅನುದಾನ ಬೇಕಿಲ್ಲ. ಬರೆಯಬಲ್ಲ ಕೈ ಬೇಕು. ಅದು ಕಲಾ ವಿಭಾಗದವರಲ್ಲಿಯೂ ಉಂಟು. ನಾವು ಬಿಟ್ಟುಹೋದ ಮೇಲೆ ಕಿರಿಯರು ಮುಂದುವರಿಸಲಿ. ಮೂವತ್ತು ವರ್ಷದ ಮೇಲೆ ನಮ್ಮ ಮಕ್ಕಳಲ್ಲೊಬ್ಬರು ಆ ಸೀಸೆಗಳನ್ನು ಸಾಲಾಗಿಟ್ಟು ನೀರು ಹಾಕಿದರೆ, ನಾವು ಏನು ಮಾಡಿದೆವೆಂಬುದನ್ನು ಕೆರೆಯೇ ಅವರಿಗೆ ಹೇಳುತ್ತದೆ.

ಅಜ್ಜ ಈ ಬೇಸಿಗೆಗೆ ಇಲ್ಲ. ಮೊದಲ ಮಳೆಯ ನೀರು ಈ ವರ್ಷ ಕೆರೆಗೆ ಬಂದಾಗ ನಾನು ಹೂಳೆತ್ತಿದ ಕಡೆಯಿಂದ ಒಂದು ಬೋಗುಣಿ, ಯಂತ್ರ ಮುಟ್ಟದೆ ಬಿಟ್ಟ ಮೂಲೆಯಿಂದ ಒಂದು ಬೋಗುಣಿ ನೀರು ತಂದು ಪಡಸಾಲೆಯಲ್ಲಿಟ್ಟೆ. ಐದನೆಯ ದಿನ ಎರಡನೆಯದರಲ್ಲಿ ಚುಕ್ಕೆಗಳು ಕುಪ್ಪಳಿಸಿದವು. ಮೊದಲನೆಯದು ಇನ್ನೂ ಸುಮ್ಮನಿದೆ. ಎರಡು ಬೋಗುಣಿಗಳಿಂದ ಸಿದ್ಧ ಮಾಡಿ ತೋರಿಸುವಷ್ಟು ವಿಜ್ಞಾನ ನನಗೆ ತಿಳಿಯದು. ಅಪ್ಪ ಮಾತ್ರ ಎರಡನ್ನೂ ಬಾಗಿ ಬಾಗಿ ನೋಡಿ, ಏನೂ ಮಾತನಾಡದೆ, ಚಹ ಕುಡಿಯುವುದನ್ನೂ ಮರೆತು ಬಹಳ ಹೊತ್ತು ಅಲ್ಲಿಯೇ ಕೂತಿದ್ದ.